1516ರ ಹೊರಗೆ ಉಳಿದ ಬಿಯರ್

ಜರ್ಮನಿಯ ಬಿಯರ್ ಬಾಟಲಿಗಳ ಪಟ್ಟಿಯ ಮೇಲೆ 1516 ಎಂಬ ಇಸವಿಯನ್ನು ಅಚ್ಚು ಹಾಕುವುದು ಅಲ್ಲಿನ ವಾಡಿಕೆ. ಬವೇರಿಯಾದ ‘ಶುದ್ಧತೆಯ ಕಾಯ್ದೆ’ ಹೊರಟ ವರ್ಷ ಅದು. ಗೋಧಿ ಬಿಯರ್ ಕೊಳ್ಳುವಾಗಲೂ ಬಹಳ ಜನ ಈ ಇಸವಿಯನ್ನೇ ಗುಣಮಟ್ಟದ ಮುದ್ರೆಯೆಂದು ನಂಬಿ ಬಾಟಲಿ ಎತ್ತಿಕೊಳ್ಳುತ್ತಾರೆ. ವಿಚಿತ್ರವೆಂದರೆ ಆ ಕಾಯ್ದೆ ಬಿಯರಿಗೆ ಹಾಕಬಹುದೆಂದು ಒಪ್ಪಿದ ಧಾನ್ಯ ಒಂದೇ, ಬಾರ್ಲಿ. ಗೋಧಿಯ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. ಕಾಯ್ದೆಯನ್ನು ಇದ್ದಂತೆಯೇ ಓದಿದರೆ, ಇಂದು ಆ ಇಸವಿಯನ್ನು ಹೊತ್ತು ಬರುವ ಗೋಧಿ ಬಿಯರಿನ ಪೀಪಾಯಿಯನ್ನು ಅಂದಿನ ಅಧಿಕಾರಿ ತಪ್ಪದೆ ಜಪ್ತಿ ಮಾಡಬೇಕಾಗಿತ್ತು. ಒಳ್ಳೆಯ ಗೋಧಿ ಬಿಯರ್ ಯಾವುದು ಎಂದು ತಿಳಿಯಬೇಕಾದರೆ ಮೊದಲು ಈ ಇಸವಿಯ ಮೋಹ ಬಿಡಬೇಕು. ಈ ಪಾನೀಯ ಉಳಿದು ಬಂದದ್ದು ಕಾಯ್ದೆಯಿಂದಲ್ಲ, ಕಾಯ್ದೆಗೆ ಮಾಡಿದ ಒಂದು ವಿನಾಯಿತಿಯಿಂದ. ಹಾಗೆ ಉಳಿದು ಬಂದದ್ದರಲ್ಲಿ ಮುಖ್ಯವಾದದ್ದು ಗೋಧಿಯೂ ಅಲ್ಲ, ಯೀಸ್ಟು.

ಮೊದಲು ಆ ಕಾಯ್ದೆಯನ್ನೇ ನೋಡೋಣ. 1516ರ ಏಪ್ರಿಲ್ 23ರಂದು ಇಂಗೋಲ್‌ಸ್ಟಾಟ್ ಊರಿನಲ್ಲಿ ಡ್ಯೂಕ್ ನಾಲ್ಕನೇ ವಿಲ್‌ಹೆಲ್ಮ್ ಮತ್ತು ಅವನ ತಮ್ಮ ಹತ್ತನೇ ಲುಡ್ವಿಗ್ ಹೊರಡಿಸಿದ ಈ ಆಜ್ಞೆಯಲ್ಲಿ ಹೆಚ್ಚು ಸಾಲುಗಳು ಮೀಸಲಾಗಿರುವುದು ಬೆಲೆಗೆ. ಸೆಪ್ಟೆಂಬರ್ ಕೊನೆಯ ಮೈಕೇಲ್ ಹಬ್ಬದಿಂದ ಏಪ್ರಿಲಿನ ಜಾರ್ಜ್ ಹಬ್ಬದವರೆಗೆ ಒಂದು ಮಾಸ್, ಅಂದರೆ ಸುಮಾರು ಒಂದು ಲೀಟರ್ ಬಿಯರಿಗೆ ಒಂದು ಮ್ಯೂನಿಕ್ ಫೆನ್ನಿಗ್. ಬೇಸಿಗೆಯಲ್ಲಿ ಎರಡು ಫೆನ್ನಿಗ್ ಮೀರಬಾರದು. ಇದಾದ ಮೇಲೆ ಬರುತ್ತದೆ ಬಾರ್ಲಿ, ಹಾಪ್ಸ್ ಮತ್ತು ನೀರು ಬಿಟ್ಟು ಬೇರೇನೂ ಬಳಸಬಾರದೆಂಬ ಪ್ರಸಿದ್ಧ ಮಾತು. ಯೀಸ್ಟಿನ ಪ್ರಸ್ತಾಪವೇ ಇಲ್ಲ. ಮ್ಯೂನಿಕ್ ಪಟ್ಟಣಕ್ಕೆ 1487ರಲ್ಲೇ ಇಂಥದ್ದೊಂದು ಕಟ್ಟಳೆ ಇತ್ತು. 1516ರಲ್ಲಿ ಅದು ಸಂಸ್ಥಾನಕ್ಕೆಲ್ಲ ಹರಡಿತು. ಈ ಶುದ್ಧತೆ ಕಲ್ಲಿನಲ್ಲಿ ಕೊರೆದದ್ದೂ ಆಗಿರಲಿಲ್ಲ. 1551ರಲ್ಲಿ ಕೊತ್ತಂಬರಿ ಬೀಜಕ್ಕೂ ಲಾರೆಲ್ ಎಲೆಗೂ, 1616ರಲ್ಲಿ ಉಪ್ಪು, ಜುನಿಪರ್ ಮತ್ತು ಶಾಜೀರಿಗೆಗೂ ಬವೇರಿಯಾ ತಾನೇ ಬಾಗಿಲು ತೆರೆದಿತ್ತು. ‘ಶುದ್ಧತೆಯ ಕಾಯ್ದೆ’ ಎಂಬ ಹೆಸರು ಬಳಕೆಗೆ ಬಂದದ್ದು ನಾಲ್ಕು ಶತಮಾನಗಳ ನಂತರ, 1918ರಲ್ಲಿ, ಬವೇರಿಯಾ ಶಾಸನಸಭೆಯ ಒಂದು ಚರ್ಚೆಯಲ್ಲಿ. ಬೆಲೆ ಕಟ್ಟುವ ಆಜ್ಞೆಯೊಂದು ಹೀಗೆ ನಿಧಾನವಾಗಿ ಪಾವಿತ್ರ್ಯದ ಪ್ರಮಾಣಪತ್ರವಾಯಿತು.

ಗೋಧಿಯನ್ನು ಯಾಕೆ ಹೊರಗಿಟ್ಟರು? ಗೋಧಿ ಮತ್ತು ರೈ ರೊಟ್ಟಿಗೆ ಬೇಕು, ಬ್ರೂವರಿಯವರು ಕೊಳ್ಳಲು ನಿಂತರೆ ಧಾನ್ಯದ ಬೆಲೆ ಏರುತ್ತದೆ, ಬಡವರ ತಟ್ಟೆಗೆ ಕುತ್ತು ಬರುತ್ತದೆ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಇದರಲ್ಲಿ ನಿಜವಿದೆ, ಬರಗಾಲ ಪದೇ ಪದೇ ಬರುತ್ತಿದ್ದ ಕಾಲ ಅದು. ಆದರೆ ರೊಟ್ಟಿಯ ಕಾಳಜಿಯೊಂದೇ ಕಾರಣವಾಗಿದ್ದರೆ ಮುಂದೆ ನಡೆದದ್ದನ್ನು ವಿವರಿಸುವುದು ಕಷ್ಟ. 32 ವರ್ಷ ಕಳೆದು, 1548ರಲ್ಲಿ, ಅದೇ ನಾಲ್ಕನೇ ವಿಲ್‌ಹೆಲ್ಮ್ ಡೇಗೆನ್‌ಬರ್ಗ್ ಮನೆತನದ ಶ್ರೀಮಂತನಿಗೆ ಡ್ಯಾನ್ಯೂಬ್ ನದಿಯ ಉತ್ತರದಲ್ಲಿ ಗೋಧಿ ಬಿಯರ್ ತಯಾರಿಸುವ ಹಕ್ಕನ್ನು ಬರೆದುಕೊಟ್ಟ. ಬೊಹೀಮಿಯಾದ ಗಡಿಗೆ ಅಂಟಿಕೊಂಡ ಕಾಡಿನ ಸೀಮೆ ಅದು. ಗಡಿಯ ಆಚೆ ಗೋಧಿ ಬಿಯರ್ ಮೊದಲಿಂದಲೂ ಜನಪ್ರಿಯ. ಜನ ಹೇಗೂ ಕುಡಿಯುತ್ತಾರೆ, ಆ ಹಣ ನಮ್ಮ ಕಡೆಗೇ ಬರಲಿ ಎಂಬ ಲೆಕ್ಕಾಚಾರ ಇಲ್ಲಿ ಎದ್ದು ಕಾಣುತ್ತದೆ. ಬಡವರ ರೊಟ್ಟಿ ಡ್ಯಾನ್ಯೂಬಿನ ದಕ್ಷಿಣಕ್ಕೆ ಮಾತ್ರ ಅಮೂಲ್ಯವಾಗಿತ್ತೇ ಎಂದು ಕೇಳಬೇಕಾಗುತ್ತದೆ. ನಿಷೇಧ ಇದ್ದಲ್ಲಿ ವಿನಾಯಿತಿಗೆ ಬೆಲೆ ಬರುತ್ತದೆ. ವಿನಾಯಿತಿಗೆ ಬೆಲೆ ಬಂದ ಮೇಲೆ ನಿಷೇಧವನ್ನು ತೆಗೆಯಲು ಯಾವ ಸರಕಾರಕ್ಕೂ ಮನಸ್ಸಾಗುವುದಿಲ್ಲ. ಅಬಕಾರಿಯ ಚರಿತ್ರೆ ಯಾವ ದೇಶದ್ದನ್ನು ಓದಿದರೂ ಈ ಮಾತು ಸಿಗುತ್ತದೆ.

ಇನ್ನೊಂದು ತಿರುವು ಬಂದದ್ದು 1602ರಲ್ಲಿ. ಡೇಗೆನ್‌ಬರ್ಗ್ ವಂಶದ ಕೊನೆಯವನಾದ ಹಾನ್ಸ್ ಸಿಗ್ಮಂಡ್ ಮಕ್ಕಳಿಲ್ಲದೆ ತೀರಿಕೊಂಡ. ಹಕ್ಕು ಡ್ಯೂಕ್ ಮಾಕ್ಸಿಮಿಲಿಯನ್‌ಗೆ ಮರಳಿತು. ಅವನು ಅದನ್ನು ಬೇರೆ ಯಾರಿಗೂ ಕೊಡದೆ ತಾನೇ ಇಟ್ಟುಕೊಂಡು, ಶ್ವಾರ್ಟ್ಸಾಖ್‌ನಲ್ಲಿದ್ದ ಡೇಗೆನ್‌ಬರ್ಗ್ ಬ್ರೂವರಿಯ ನುರಿತ ಕೆಲಸಗಾರನನ್ನೂ ಅಲ್ಲಿನ ಯೀಸ್ಟನ್ನೂ ಮ್ಯೂನಿಕ್‌ಗೆ ತರಿಸಿದ. 1607ರಲ್ಲಿ ಡ್ಯಾನ್ಯೂಬ್ ದಂಡೆಯ ಕೆಲ್ಹೈಮ್‌ನಲ್ಲಿ ಒಂದು ಗೋಧಿ ಬ್ರೂವರಿ, ಅದೇ ಹೊತ್ತಿಗೆ ಮ್ಯೂನಿಕ್‌ನ ಪ್ಲಾಟ್ಸ್ಲ್ ಚೌಕದಲ್ಲಿ ಇನ್ನೊಂದು. ಇಂದು ಪ್ರವಾಸಿಗರು ಕಿಕ್ಕಿರಿಯುವ ಹೋಫ್‌ಬ್ರಾಯ್‌ಹೌಸ್ ನಿಂತಿರುವುದು ಈ ಎರಡನೆಯದರ ಜಾಗದಲ್ಲಿ. ತಣ್ಣನೆಯ ಹವೆಯಲ್ಲಿ ಹುದುಗುವ ಲಾಗರ್ ಬಿಯರಿಗೆ ಹೆಸರಾದ ಆ ಜಾಗ ಹುಟ್ಟಿದ್ದು ಗೋಧಿ ಬಿಯರಿಗಾಗಿ. ಗೋಧಿ ಬಿಯರನ್ನು ಡ್ಯೂಕನ ಬ್ರೂವರಿಯಿಂದಲೇ ಕೊಳ್ಳಬೇಕೆಂದು ಹೋಟೆಲು, ಛತ್ರಗಳವರನ್ನು ಕಟ್ಟಿಹಾಕಲಾಯಿತು. ಇದರ ಜೊತೆಗೆ ಇನ್ನೊಂದು ಅನುಕೂಲವೂ ಸೇರಿಕೊಂಡಿತು. ಬೇಸಿಗೆಯ ಸೆಕೆಯಲ್ಲಿ ಬಿಯರ್ ಕೆಡುತ್ತದೆಂದು 1553ರಿಂದ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಾರ್ಲಿ ಬಿಯರ್ ತಯಾರಿಕೆಗೆ ನಿಷೇಧವಿತ್ತು. ಗೋಧಿ ಬಿಯರಿನ ಯೀಸ್ಟು ಬೆಚ್ಚನೆಯ ಹವೆಯಲ್ಲೇ ಚೆನ್ನಾಗಿ ಕೆಲಸ ಮಾಡುವಂಥದ್ದು. ಹಾಗಾಗಿ ಡ್ಯೂಕನ ಗೋಧಿ ಬ್ರೂವರಿಗಳು ಬೇಸಿಗೆಯಲ್ಲೂ ಹಂಡೆ ಇಳಿಸಲಿಲ್ಲ. ಎಲ್ಲರಿಗೂ ಬಾಯಾರುವ ಕಾಲದಲ್ಲಿ ತಾಜಾ ಬಿಯರ್ ಒಬ್ಬನ ಬಳಿ ಮಾತ್ರ! ಮೂವತ್ತು ವರ್ಷಗಳ ಯುದ್ಧದಲ್ಲಿ ಕ್ಯಾಥೊಲಿಕ್ ಪಕ್ಷದ ಮುಂದಾಳಾಗಿದ್ದ ಮಾಕ್ಸಿಮಿಲಿಯನ್‌ನ ಬೊಕ್ಕಸಕ್ಕೆ ಈ ನೊರೆ ದೊಡ್ಡ ಆಸರೆಯಾಗಿತ್ತು.

ಇಲ್ಲಿ ಒಂದು ಆಕ್ಷೇಪ ಸಹಜ. ಏಕಸ್ವಾಮ್ಯ ಬೊಕ್ಕಸ ತುಂಬಿಸಿರಬಹುದು, ಆದರೆ ಅದು ರುಚಿಯನ್ನು ಕಾಪಾಡಿತೆಂದು ಹೇಗೆ ಹೇಳುವುದು? ಪೈಪೋಟಿ ಇಲ್ಲದ ಕಡೆ ಸರಕು ಕಳಪೆಯಾಗುವುದೇ ಹೆಚ್ಚಲ್ಲವೇ? ಈ ಆಕ್ಷೇಪವನ್ನು ಒಪ್ಪಬೇಕು. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಜನರ ಒಲವು ಕಂದು ಬಣ್ಣದ ಬಾರ್ಲಿ ಬಿಯರಿನ ಕಡೆ ತಿರುಗಿ, ಗೋಧಿ ಬಿಯರಿನ ಆದಾಯ ಇಳಿದು, 1798ರಲ್ಲಿ ಏಕಸ್ವಾಮ್ಯವನ್ನು ಸಡಿಲಿಸಬೇಕಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಲಾಗರಿನ ಅಲೆ ಎದ್ದಿತು. 1870ರ ದಶಕದಲ್ಲಿ ಕಾರ್ಲ್ ಲಿಂಡೆಯ ಶೈತ್ಯಯಂತ್ರ ಮ್ಯೂನಿಕ್‌ನ ಸ್ಪಾಟನ್ ಬ್ರೂವರಿಗೆ ಬಂದ ಮೇಲೆ ಬೇಸಿಗೆಯಲ್ಲಿ ಗೋಧಿ ಬಿಯರಿಗಿದ್ದ ಹಳೆಯ ಅನುಕೂಲವೂ ಹೋಯಿತು. ಡ್ಯೂಕನನ್ನು ರುಚಿಯ ರಕ್ಷಕನೆಂದು ಹೊಗಳಲು ಕಾರಣವಿಲ್ಲ. ಆದರೂ ಒಂದು ಕೆಲಸ ಅವನಿಗೆ ಗೊತ್ತಿಲ್ಲದೆಯೇ ನಡೆಯಿತು. ಎರಡು ಶತಮಾನ ಕಾಲ ಒಂದೇ ಯಜಮಾನಿಕೆಯ ಕೆಲವೇ ಬ್ರೂವರಿಗಳಲ್ಲಿ, ಹಂಡೆಯಿಂದ ಹಂಡೆಗೆ, ಬಿಟ್ಟೂಬಿಡದೆ ಒಂದೇ ಬಗೆಯ ಯೀಸ್ಟು ಕೈದಾಟುತ್ತಾ ಬಂತು. 1855ರಲ್ಲಿ ಮ್ಯೂನಿಕ್‌ನ ಅರಮನೆಯ ಗೋಧಿ ಬ್ರೂವರಿಯನ್ನು ಗುತ್ತಿಗೆ ಹಿಡಿದ ಗೇಯಾರ್ಗ್ ಷ್ನೈಡರ್, 1872ರಲ್ಲಿ ದೊರೆ ಎರಡನೇ ಲುಡ್ವಿಗ್ ಕಾಲದಲ್ಲಿ ಗೋಧಿ ಬಿಯರ್ ತಯಾರಿಸುವ ಹಕ್ಕನ್ನು ಪಡೆದು, ಅದೇ ನಗರದ ತಾಲ್ ಬೀದಿಯಲ್ಲಿ ಸ್ವಂತ ಬ್ರೂವರಿ ಶುರು ಮಾಡಿದ. ಆ ಮನೆತನ 1928ರಲ್ಲಿ ಕೆಲ್ಹೈಮ್‌ನ ಹಳೆಯ ಬ್ರೂವರಿಯನ್ನೂ ಕೊಂಡಿತು. 1944ರ ಬಾಂಬ್ ದಾಳಿಯಲ್ಲಿ ಮ್ಯೂನಿಕ್‌ನ ಬ್ರೂವರಿ ನಾಶವಾದಾಗ ಷ್ನೈಡರ್ ಬಿಯರಿಗೆ ನೆಲೆಯಾದದ್ದು ಮಾಕ್ಸಿಮಿಲಿಯನ್ 1607ರಲ್ಲಿ ಕಟ್ಟಿಸಿದ ಅದೇ ಕೆಲ್ಹೈಮ್. ಇಂದಿಗೂ ಅದು ಅಲ್ಲೇ ತಯಾರಾಗುತ್ತಿದೆ.

ಈಗ ಯೀಸ್ಟಿನ ಮಾತಿಗೆ ಬರೋಣ. ಬವೇರಿಯಾದ ಗೋಧಿ ಬಿಯರನ್ನು ಲೋಟಕ್ಕೆ ಸುರಿದ ಕೂಡಲೇ ಮೂಗಿಗೆ ಬಡಿಯುವುದು ಎರಡು ವಾಸನೆ: ಕಳಿತ ಬಾಳೆಹಣ್ಣು ಮತ್ತು ಲವಂಗ. ಇವೆರಡೂ ಗೋಧಿಯಿಂದ ಬಂದದ್ದಲ್ಲ, ಯಾರೋ ಮಸಾಲೆ ಬೆರೆಸಿದ್ದೂ ಅಲ್ಲ. ಬಾಳೆಹಣ್ಣಿನ ವಾಸನೆ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರ್‌ನದು. ಹುದುಗುವಾಗ ಯೀಸ್ಟು ಅದನ್ನು ತಯಾರಿಸುತ್ತದೆ, ಹವೆ ಬೆಚ್ಚಗಿದ್ದಷ್ಟೂ ಹೆಚ್ಚು ತಯಾರಿಸುತ್ತದೆ. ಲವಂಗದ ವಾಸನೆ 4-ವಿನೈಲ್ ಗ್ವಾಯಕಾಲ್ ಎಂಬ ಫೀನಾಲಿನದು. ಧಾನ್ಯದ ಸಿಪ್ಪೆಯಲ್ಲಿರುವ ಫೆರುಲಿಕ್ ಆಮ್ಲವನ್ನು ಒಡೆದು ಯೀಸ್ಟು ಇದನ್ನು ಹುಟ್ಟಿಸುತ್ತದೆ. ಇದಕ್ಕೆಂದೇ ಅನುಭವಸ್ಥರು ಮಾಲ್ಟಿನ, ಅಂದರೆ ಮೊಳಕೆ ಕಟ್ಟಿಸಿ ಒಣಗಿಸಿದ ಧಾನ್ಯದ, ಗಂಜಿಯನ್ನು 45 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೊಂಚ ಹೊತ್ತು ತಡೆದು ಆ ಆಮ್ಲವನ್ನು ಬಿಡಿಸಿಕೊಳ್ಳುತ್ತಾರೆ. ಬೇರೆ ಬಹುಪಾಲು ಬಿಯರ್ ಯೀಸ್ಟುಗಳಲ್ಲಿ ಈ ಕೆಲಸಕ್ಕೆ ಬೇಕಾದ ಜೀನ್‌ಗಳು ಕೆಟ್ಟು ನಿಷ್ಕ್ರಿಯವಾಗಿವೆ. ಲವಂಗದ ಘಾಟು ಬೇಡವೆಂದು ಶತಮಾನಗಳ ಕಾಲ ಬ್ರೂವರಿಯವರು ಆರಿಸುತ್ತಾ ಹೋದದ್ದರ ಫಲ ಅದು. ಗೋಧಿ ಬಿಯರಿನ ಯೀಸ್ಟಿನಲ್ಲಿ ಮಾತ್ರ ಆ ಜೀನ್‌ಗಳು ಜೀವಂತವಾಗಿವೆ. ನಮ್ಮ ಮನೆಗಳಲ್ಲಿ ಹಾಲು ಯಾರ ಹಸುವಿನದಾದರೂ ಮೊಸರಿನ ರುಚಿಯನ್ನು ಹೆಪ್ಪು ತೀರ್ಮಾನಿಸುವಂತೆ, ಇಲ್ಲಿ ಧಾನ್ಯಕ್ಕಿಂತ ಯೀಸ್ಟಿನ ಮಾತೇ ಮೇಲು.

ಇದು ಬರೀ ಪ್ರಯೋಗಶಾಲೆಯ ಮಾತಲ್ಲ. ಚರಿತ್ರೆ ಇದಕ್ಕೊಂದು ಪುರಾವೆಯನ್ನು ತಾನಾಗಿಯೇ ಒದಗಿಸಿದೆ. 1986ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ವಿಡ್ಮರ್ ಸಹೋದರರು ‘ಹೆಫೆವೈಟ್ಸೆನ್’ ಎಂಬ ಜರ್ಮನ್ ಹೆಸರಿನಲ್ಲೇ ಮಬ್ಬು ಬಣ್ಣದ ಗೋಧಿ ಬಿಯರ್ ಮಾರತೊಡಗಿದರು. ಗೋಧಿ ಇತ್ತು, ಮಬ್ಬು ಇತ್ತು, ನೊರೆಯೂ ಇತ್ತು. ಆದರೆ ಹುದುಗಿಸಿದ್ದು ಡ್ಯೂಸೆಲ್‌ಡಾರ್ಫ್ ಕಡೆಯ ಆಲ್ಟ್ ಬಿಯರಿನ ಯೀಸ್ಟಿನಲ್ಲಿ. ಪರಿಣಾಮ, ಬಾಳೆಹಣ್ಣಿಲ್ಲ, ಲವಂಗವಿಲ್ಲ. ಹಗುರವಾದ, ಧಾನ್ಯದ ರುಚಿಯ, ನಿಂಬೆಯ ಹೋಳಿಗೆ ಒಗ್ಗುವ ಬೇರೆಯದೇ ಪಾನೀಯ. ಅದು ಕೆಟ್ಟ ಬಿಯರ್ ಅಲ್ಲ, ಅಮೆರಿಕದಲ್ಲಿ ಒಂದು ಪರಂಪರೆಯನ್ನೇ ಹುಟ್ಟುಹಾಕಿತು. ಆದರೆ ಹೆಸರೂ ಧಾನ್ಯವೂ ಒಂದೇ ಆಗಿದ್ದು ಯೀಸ್ಟು ಬದಲಾದರೆ ಏನಾಗುತ್ತದೆ ಎಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ತೋರಿಸಲು ಆಗದು.

ಹಾಗಾದರೆ ಗೋಧಿಗೆ ಬೆಲೆಯೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ, ಆದರೆ ಅದರ ಪಾತ್ರ ಬೇರೆ. ಗೋಧಿಯಲ್ಲಿ ಪ್ರೋಟೀನು ಹೆಚ್ಚು. ದಟ್ಟವಾದ ನೊರೆ, ನಾಲಗೆಗೆ ತಾಗುವ ಮೆದುತನ, ಮಬ್ಬಿನ ಒಂದು ಪಾಲು ಅದರಿಂದ. ಜರ್ಮನಿಯ ಇಂದಿನ ನಿಯಮದಂತೆ ಇಂಥ ಬಿಯರಿನ ಮಾಲ್ಟಿನಲ್ಲಿ ಕನಿಷ್ಠ ಅರ್ಧ ಗೋಧಿಯದ್ದಾಗಿರಬೇಕು. ಉಳಿದರ್ಧ ಬಾರ್ಲಿಯೇ, ಗೋಧಿಗೆ ಹೊಟ್ಟಿಲ್ಲದ್ದರಿಂದ ಪೂರ್ತಿ ಗೋಧಿಯನ್ನೇ ಹಾಕಿದರೆ ಗಂಜಿ ಅಂಟಾಗಿ ಸೋಸಲು ಪ್ರಾಣಸಂಕಟ. ಬೆಲ್ಜಿಯಂನ ಉದಾಹರಣೆಯೂ ಇದೆ. ಹೂಗಾರ್ಡನ್ ಎಂಬ ಹಳ್ಳಿಯ ಕೊನೆಯ ಗೋಧಿ ಬ್ರೂವರಿ 1950ರ ದಶಕದಲ್ಲಿ ಮುಚ್ಚಿದ ಮೇಲೆ, ಅದರ ನೆರೆಯಲ್ಲೇ ಬೆಳೆದ ಹಾಲಿನವ ಪಿಯೆರ್ ಸೆಲಿಸ್ 1960ರ ದಶಕದಲ್ಲಿ ಅದನ್ನು ಮತ್ತೆ ಜೀವಂತಗೊಳಿಸಿದ. ಅಲ್ಲಿ ಗೋಧಿ ಮೊಳಕೆ ಕಟ್ಟದ ಹಸಿ ಗೋಧಿ. ಜೊತೆಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ. ಬವೇರಿಯಾದವರು ಇದನ್ನು ಮೂಗು ಮುರಿದು ನೋಡುತ್ತಾರೆ, 1551ರಲ್ಲಿ ಕೊತ್ತಂಬರಿಗೆ ತಾವೇ ಅನುಮತಿ ಕೊಟ್ಟದ್ದನ್ನು ಮರೆತು. ಎರಡೂ ಗೋಧಿ ಬಿಯರೇ. ಒಂದರ ಗುಣವನ್ನು ಇನ್ನೊಂದರಲ್ಲಿ ಹುಡುಕುವುದು ಮಾತ್ರ ತಪ್ಪು.

ಈ ಯೀಸ್ಟಿನ ಕತೆಗೆ ಇತ್ತೀಚೆಗೆ ಒಂದು ಕುತೂಹಲದ ಅಧ್ಯಾಯ ಸೇರಿದೆ. ಲಾಗರ್ ಯೀಸ್ಟು ಎರಡು ಪ್ರಭೇದಗಳ ಬೆರಕೆ. ಒಂದು ಬೆಚ್ಚನೆಯ ಹವೆಯ ಮಾಮೂಲು ಯೀಸ್ಟು, ಇನ್ನೊಂದು ಚಳಿ ತಡೆಯುವ ಬೇರೊಂದು ಜಾತಿ. ಇವೆರಡೂ ಎಲ್ಲಿ ಕೂಡಿದವು ಎಂಬುದು ಬಹುಕಾಲದ ಒಗಟು. 2023ರಲ್ಲಿ ಮಾಥಿಯಾಸ್ ಹುಟ್ಸ್ಲರ್ ಮತ್ತು ಸಂಗಡಿಗರು ಹಳೆಯ ದಾಖಲೆಗಳನ್ನೂ ಯೀಸ್ಟಿನ ವಂಶಾವಳಿಯನ್ನೂ ಒಟ್ಟಿಗಿಟ್ಟು ಒಂದು ಊಹೆ ಮುಂದಿಟ್ಟರು: 1602ರಲ್ಲಿ ಶ್ವಾರ್ಟ್ಸಾಖ್‌ನಿಂದ ಗೋಧಿ ಬಿಯರಿನ ಯೀಸ್ಟು ಮ್ಯೂನಿಕ್‌ಗೆ ಬಂದು, ಕಂದು ಬಿಯರ್ ತಯಾರಾಗುತ್ತಿದ್ದ ಡ್ಯೂಕನ ಬ್ರೂವರಿಯಲ್ಲೇ ಕೆಲ ವರ್ಷ ಜೊತೆಗಿತ್ತು, ಲಾಗರ್ ಯೀಸ್ಟು ಹುಟ್ಟಿದ್ದು ಅಲ್ಲಿ. ಇದು ಊಹೆ, ಇನ್ನೂ ವಾದಕ್ಕೆ ತೆರೆದ ಮಾತು. ನಿಜವಾದರೆ, ಹತ್ತೊಂಬತ್ತನೆಯ ಶತಮಾನದಲ್ಲಿ ಗೋಧಿ ಬಿಯರನ್ನು ಮೂಲೆಗೆ ತಳ್ಳಿದ ಲಾಗರು ಅದರದೇ ಸಂತಾನ.

ಶುದ್ಧತೆಯ ಕಾಯ್ದೆಯ ಪರವಾಗಿ ವಾದಿಸುವವರ ಕೊನೆಯ ಮಾತನ್ನೂ ಕೇಳಬೇಕು. ಕಂಡಕಂಡ ಬೇರು, ಮತ್ತು ಬರಿಸುವ ಗಿಡಮೂಲಿಕೆಗಳನ್ನು ಬೆರೆಸುತ್ತಿದ್ದ ಕಾಲದಲ್ಲಿ ಕಾಯ್ದೆ ಕುಡಿಯುವವರನ್ನು ಕಾಪಾಡಿತು, ಇಂದಿಗೂ ಅಗ್ಗದ ಕಲಬೆರಕೆಯನ್ನು ದೂರವಿಡುತ್ತದೆ ಎನ್ನುತ್ತಾರೆ. ಹೌದು. 1906ರಲ್ಲಿ ಇಡೀ ಜರ್ಮನಿಗೆ ನಿಯಮ ವಿಸ್ತರಿಸಿದಾಗ ಮೇಲು ಹುದುಗಿನ, ಅಂದರೆ ಬೆಚ್ಚನೆಯ ಹವೆಯ ಯೀಸ್ಟಿನ, ಬಿಯರುಗಳಿಗೆ ಗೋಧಿ ಮಾಲ್ಟು ಬಳಸಲು ಪ್ರತ್ಯೇಕ ಅವಕಾಶ ಮಾಡಿದ್ದರಿಂದ ಈಗಿನ ಗೋಧಿ ಬಿಯರ್ ಕಾನೂನಿನ ಒಳಗೇ ಇದೆ. ಆದರೆ ಒಂದು ಬಿಯರಿನಲ್ಲಿ ಏನಿಲ್ಲ ಎಂಬುದನ್ನಷ್ಟೇ ಈ ನಿಯಮ ಹೇಳಬಲ್ಲದು; ಇರುವುದು ಚೆನ್ನಾಗಿದೆಯೇ ಎಂದಲ್ಲ. 1950ರ ದಶಕದಲ್ಲಿ ಕಾಯ್ದೆ ಗಟ್ಟಿಯಾಗಿಯೇ ಇತ್ತು, ಗೋಧಿ ಬಿಯರ್ ಮಾತ್ರ ಬವೇರಿಯಾದಲ್ಲೇ ಮುದುಕರ ಪಾನೀಯವಾಗಿ ಕೊನೆಯುಸಿರು ಎಳೆಯುತ್ತಿತ್ತು. ಅದನ್ನು ಎತ್ತಿ ನಿಲ್ಲಿಸಿದ್ದು 1960, 70ರ ದಶಕಗಳಲ್ಲಿ ಎರ್ಡಿಂಗ್‌ನ ಬ್ರೋಂಬಾಖ್ ಮನೆತನದಂಥವರ ಜಾಹೀರಾತು ಮತ್ತು ಬವೇರಿಯಾದ ಆಚೆಗಿನ ಮಾರುಕಟ್ಟೆ. ಈಗ ಆ ರಾಜ್ಯದಲ್ಲಿ ಅತಿ ಹೆಚ್ಚು ಬಿಕರಿಯಾಗುವ ಬಿಯರುಗಳಲ್ಲಿ ಅದೂ ಒಂದು.

ಈ ಚರಿತ್ರೆಯನ್ನು ಒಪ್ಪಿದರೆ ಆಯ್ಕೆಯ ದಾರಿ ತಾನಾಗಿ ತೆರೆಯುತ್ತದೆ. ಜೀವಂತ ಯೀಸ್ಟೇ ಗುಣವಾದರೆ ತಾಜಾತನವೇ ಮೊದಲ ಪರೀಕ್ಷೆ. ಬಾಳೆಹಣ್ಣಿನ ಎಸ್ಟರೂ ಲವಂಗದ ಫೀನಾಲೂ ತಿಂಗಳುಗಳು ಕಳೆದಂತೆ, ಅದರಲ್ಲೂ ಸೆಕೆಯಲ್ಲಿ, ಕರಗಿಹೋಗುತ್ತವೆ. ಇಸವಿ ನೋಡುವ ಬದಲು ತುಂಬಿದ ತಾರೀಖು ನೋಡುವುದು ಮೇಲು. ಕಂದು ಗಾಜಿನ ಬಾಟಲಿ ಇರಲಿ. ಹಸಿರು, ಬಿಳಿ ಗಾಜಿನಲ್ಲಿ ಬೆಳಕು ಬಿದ್ದು ಹಾಪ್ಸ್ ಕೆಟ್ಟ ವಾಸನೆ ಹೊಡೆಯುತ್ತದೆ. ಬಾಟಲಿಯಲ್ಲೇ ಎರಡನೇ ಸಲ ಹುದುಗಿಸಿದ್ದೆಂಬ ಸೂಚನೆ ಇದ್ದರೆ ಇನ್ನೂ ಒಳ್ಳೆಯದು. ಸುರಿಯುವಾಗ ಉದ್ದನೆಯ ಲೋಟವನ್ನು ಓರೆ ಹಿಡಿದು ಮೆಲ್ಲಗೆ ಬಿಡಬೇಕು. ತಳದಲ್ಲಿ ಎರಡು ಬೆರಳಷ್ಟು ಉಳಿದಾಗ ಬಾಟಲಿಯನ್ನು ಅಡ್ಡ ಮಲಗಿಸಿ ಉರುಳಿಸಿದರೆ ತಳಕ್ಕಿಳಿದ ಯೀಸ್ಟು ಎದ್ದು ಬರುತ್ತದೆ, ಅದನ್ನು ಕೊನೆಗೆ ಮೇಲೆ ಸುರಿದಾಗ ತಿಳಿ ಬಂಗಾರದ ಬಣ್ಣ ಮಬ್ಬಾಗಿ, ನೊರೆ ಲೋಟದ ಅಂಚು ಮೀರಿ ಗುಡ್ಡೆ ಕಟ್ಟುತ್ತದೆ. ಸೋಸಿ ತಿಳಿಯಾಗಿಸಿದ ಕ್ರಿಸ್ಟಾಲ್ ಎಂಬ ಬಗೆಯೂ ಉಂಟು. ಇಷ್ಟೆಲ್ಲ ಕಷ್ಟಪಟ್ಟು ಉಳಿಸಿದ್ದನ್ನೇ ಸೋಸಿ ಚೆಲ್ಲುವ ಆ ಕೆಲಸ ನನಗೆ ಒಪ್ಪಿಗೆಯಿಲ್ಲ. ಷ್ನೈಡರ್ ಮನೆತನದ ಆವೆಂಟಿನಸ್‌ನಂಥ ಗಟ್ಟಿ ಬಿಯರುಗಳಿಗೆ ಮಾತ್ರ ತಾಜಾತನದ ನಿಯಮ ಸಡಿಲ; 8 ಪ್ರತಿಶತ ದಾಟಿದ ಮದ್ಯಸಾರ ಅದನ್ನು ಹೆಚ್ಚು ಕಾಲ ಕಾಯುತ್ತದೆ.

ರುಚಿ ಅವರವರ ನಾಲಗೆಗೆ ಬಿಟ್ಟದ್ದು, ಇದರಲ್ಲಿ ವಾದ ಯಾಕೆ ಎನ್ನುವವರಿಗೆ ಹೇಳುವುದಿಷ್ಟೆ: ಬಾಳೆಹಣ್ಣು ಹೆಚ್ಚೋ ಲವಂಗ ಹೆಚ್ಚೋ ಎಂಬುದು ನಾಲಗೆಯ ಮಾತು, ಎರಡೂ ಸತ್ತುಹೋಗಿ ಒದ್ದೆ ರಟ್ಟಿನ ವಾಸನೆ ಬಂದರೆ ಅದು ನಾಲಗೆಯ ತಪ್ಪಲ್ಲ, ಹಡಗಿನ ಕಂಟೇನರಿನದ್ದು. ಬೆಂಗಳೂರಿನ ಓದುಗರಿಗೆ ಇದು ನೇರವಾಗಿ ಸಂಬಂಧಿಸಿದ್ದು. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ಎಂಬ ಬ್ರೂಪಬ್ ಶುರುವಾದ ನಂತರ ಊರಿನ ತುಂಬ ಹಬ್ಬಿದ ಬ್ರೂಪಬ್‌ಗಳ ಬಹುಪಾಲು ಪಟ್ಟಿಗಳಲ್ಲಿ ಬವೇರಿಯಾ ಮಾದರಿಯ ಗೋಧಿ ಬಿಯರ್ ಒಂದಾದರೂ ಇರುತ್ತದೆ. ಯೀಸ್ಟನ್ನು ಈಗ ಒಣಗಿಸಿ ಪೊಟ್ಟಣದಲ್ಲಿ ಎಲ್ಲಿಗೆ ಬೇಕಾದರೂ ಕಳಿಸಬಹುದು. ಬಿಯರನ್ನು ಹಾಗೆ ಕಳಿಸಿದರೆ ಕೆಡುತ್ತದೆ. ಹೊರದೇಶದಿಂದ ಬಂದು ಅಂಗಡಿಯ ಬಿಸಿಲಿಗೆ ನಿಂತ ಬಾಟಲಿಗಿಂತ ವಾರದ ಹಿಂದೆ ಇಲ್ಲೇ ಹುದುಗಿದ ಲೋಟ ಮೇಲು. ಮುಂದಿನ ಸಲ ಆರ್ಡರ್ ಕೊಡುವ ಮೊದಲು ಎರಡು ಪ್ರಶ್ನೆ ಕೇಳಿ: ಇದು ಯಾವತ್ತು ತಯಾರಾದದ್ದು, ಯಾವ ಯೀಸ್ಟು. ಉತ್ತರ ಗೊತ್ತಿಲ್ಲ ಎಂದರೆ ಬೇರೆ ಏನಾದರೂ ತರಿಸಿಕೊಳ್ಳಿ.